ಸೀಲ್ ಹೊಸದು, ಸೋರಿಕೆ ಹಳೆಯದೇ

ನನ್ನ 1972ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ ಫೋರ್ ಕಾರಿನ ಗೇರ್‌ಬಾಕ್ಸಿನ ಹಿಂಬದಿಯ ಆಯಿಲ್ ಸೀಲನ್ನು, ಅಂದರೆ ತಿರುಗುವ ಭಾಗದ ಸುತ್ತ ಎಣ್ಣೆ ಸೋರದಂತೆ ತಡೆಯುವ ಬಳೆಯನ್ನು, ನಾನು ಎರಡು ಸಲ ಬದಲಿಸಿದ್ದೇನೆ. ಒಂದೇ ಸಲಕ್ಕೆ ಮುಗಿಯಬೇಕಿದ್ದ ಕೆಲಸ. ಮೊದಲ ಸಲ ಹಾಕಿ ಮೂರು ವಾರ ಕಳೆಯುವಷ್ಟರಲ್ಲಿ ಕಾರಿನ ಕೆಳಗೆ ಮತ್ತದೇ ಅಂಗೈಯಗಲದ ಎಣ್ಣೆ ಕಲೆ.

ಈ ಕಾರಿನಲ್ಲಿ ಗೇರ್‌ಬಾಕ್ಸಿನ ಕೆಲಸವನ್ನು ಹೆಚ್ಚಾಗಿ ಒಳಗೆ ಕುಳಿತೇ ಮಾಡಬೇಕು. ಸೀಟು, ಕಾರ್ಪೆಟ್, ಡ್ಯಾಶ್‌ಬೋರ್ಡಿನ ಕೆಳಗಿನ ಆಧಾರಪಟ್ಟಿ ಎಲ್ಲ ತೆಗೆದು, ಸುತ್ತಲಿನ ಸ್ಕ್ರೂ ಬಿಚ್ಚಿದರೆ ನಡುವಿನ ಗಟ್ಟಿರಟ್ಟಿನ ಮುಚ್ಚಳ ಮೇಲೆ ಬರುತ್ತದೆ. ಮುರಿಯದೆ ಬಂದರೆ ಅದೃಷ್ಟ. ಹಿಂದಿನ ಚಕ್ರಗಳನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಣ್ಣೆ ಇಳಿಸಿದೆ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ತಿರುಗುಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿದಿರುವ ಬೋಲ್ಟುಗಳು ನಾಲ್ಕು. ಬಿಚ್ಚುವ ಮೊದಲು ಶಾಫ್ಟೂ ಗೇರ್‌ಬಾಕ್ಸೂ ಕೂಡುವ ಎರಡೂ ತಟ್ಟೆಗಳ, ಅಂದರೆ ಫ್ಲ್ಯಾಂಜುಗಳ ಮೇಲೆ ಒಂದು ಗೆರೆ ಎಳೆದುಕೊಂಡೆ. ಕೂಡಿಸುವಾಗ ಅದೇ ಸ್ಥಾನಕ್ಕೆ ಬರದಿದ್ದರೆ ಕಾರು ನಡುಗಬಹುದು. ಇಲ್ಲಿನ ನಟ್ಟುಗಳೆಲ್ಲ ಇಂಚಿನ ಅಳತೆಯವು. ಅರ್ಧ ಇಂಚಿನ ನಟ್ಟಿಗೆ 13 ಮಿ.ಮೀ. ಸ್ಪ್ಯಾನರ್ ಕೂರುತ್ತದೆ ಎಂದು ಹಾಕಿ ತಿರುಗಿಸಿದರೆ ಮೂಲೆಗಳು ಸವೆದುಹೋಗುತ್ತವೆ.

ಗೇರ್‌ಬಾಕ್ಸಿನ ಕಡೆಯ ಫ್ಲ್ಯಾಂಜಿನ ಮಧ್ಯದ ದೊಡ್ಡ ನಟ್ಟು ಸುಲಭಕ್ಕೆ ಬಗ್ಗಲಿಲ್ಲ. ಉದ್ದನೆಯ ಕಬ್ಬಿಣದ ಪಟ್ಟಿಯೊಂದನ್ನು ಫ್ಲ್ಯಾಂಜಿನ ಎರಡು ರಂಧ್ರಗಳಿಗೆ ಬೋಲ್ಟ್ ಹಾಕಿ ಬಿಗಿದು, ಅದು ಚಾಸಿಗೆ ತಾಗುವಂತೆ ಮಾಡಿದ ಮೇಲೆಯೇ ಜಗ್ಗಿತು. ಹಳೆಯ ಸೀಲಿನ ಮುಖಕ್ಕೆ ಸಣ್ಣ ಸ್ಕ್ರೂ ಹೊಕ್ಕಿಸಿ, ಇಕ್ಕಳದಿಂದ ಎಳೆದೆ. ಉಳಿ ಹಾಕಿ ಕೆದಕಿದ್ದರೆ ಅಲ್ಯೂಮಿನಿಯಂ ಗೂಡಿಗೆ ಗೀರು ಬೀಳುತ್ತಿತ್ತು, ಮುಂದೆ ಎಣ್ಣೆಗೆ ಅದೇ ದಾರಿ.

ಮೊದಲ ಸಲ ಫ್ಲ್ಯಾಂಜನ್ನು ಬಟ್ಟೆಯಿಂದ ಒರೆಸಿ ಹಾಗೆಯೇ ಹಾಕಿಬಿಟ್ಟಿದ್ದೆ. ಎರಡನೆಯ ಸಲ ಬೆಳಕಿಗೆ ಹಿಡಿದೆ. ಸೀಲಿನ ತುಟಿ, ಅಂದರೆ ಅದರ ಒಳ ಅಂಚು, ಉಜ್ಜುವ ಜಾಗದಲ್ಲಿ ಹೊಳೆಯುವ ಉಂಗುರವೊಂದು ಕಂಡಿತು. ಅದರ ಮೇಲೆ ಉಗುರು ಎಳೆದರೆ ಸಿಕ್ಕಿಕೊಂಡಿತು. ಮೆದು ರಬ್ಬರು ಗಟ್ಟಿ ಉಕ್ಕನ್ನು ಹೇಗೆ ಸವೆಸುತ್ತದೆ ಎಂದು ಕೇಳಬಹುದು. ಗಟ್ಟಿಯಾದ ತುಟಿಗೆ ಅಂಟಿದ ದೂಳು ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ, ಅಷ್ಟೇ. ಆ ತೋಡಿನ ಮೇಲೆ ಎಂಥ ಒಳ್ಳೆಯ ಸೀಲೂ ನಿಲ್ಲುವುದಿಲ್ಲ. ಸೀಲನ್ನು ಒಂದು ಮಿಲಿಮೀಟರ್ ಈಚೆ ಕೂರಿಸಿ ಹೊಸ ಲೋಹದ ಮೇಲೆ ಓಡಿಸುವ ಉಪಾಯವೂ ಇದೆ. ನನಗದು ಅರೆಮನಸ್ಸಿನ ಕೆಲಸ ಎನಿಸಿತು. ತೋಡಿನ ಮೇಲೆ ಬಳೆಯಂತೆ ಕೂರುವ ತೆಳು ಉಕ್ಕಿನ ಸ್ಲೀವ್ ಏರಿಸಿದೆ. ಕಾಲು ಮಿಲಿಮೀಟರಿನಷ್ಟೇ ದಪ್ಪ, ಹಾಗಾಗಿ ಸೀಲಿನ ಅಳತೆ ಬದಲಿಸಬೇಕಾಗಲಿಲ್ಲ.

ಹೊಸ ಸೀಲಿನ ತುಟಿಗೆ ಗ್ರೀಸ್ ಸವರಿ, ಸ್ಪ್ರಿಂಗ್ ಇರುವ ಬದಿಯನ್ನು ಒಳಕ್ಕೆ ಮಾಡಿ, ಅಗಲದ ಸಾಕೆಟ್ ಇಟ್ಟು ನಿಧಾನವಾಗಿ ತಟ್ಟಿದೆ. ನಂತರ ಜಿಎಲ್-4 ದರ್ಜೆಯ ಗೇರ್ ಎಣ್ಣೆಯನ್ನು ಮಟ್ಟದ ರಂಧ್ರದಿಂದ ಹನಿಯುವವರೆಗೆ ತುಂಬಿದೆ.

ಒಂದು ದೀರ್ಘ ಓಟ ಮುಗಿಸಿ, ಕೆಳಗೆ ಬಿಳಿ ರಟ್ಟು ಹಾಸಿ ರಾತ್ರಿ ನಿಲ್ಲಿಸಿದೆ. ಬೆಳಿಗ್ಗೆ ಗೇರ್‌ಬಾಕ್ಸಿನ ಬಾಲದ ಕೆಳಗೆ ರಟ್ಟು ಒಣಗಿತ್ತು. ಸ್ವಲ್ಪ ಮುಂದೆ ಮಾತ್ರ ಎರಡು ಹನಿ. ಅದು ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲಿನದು. ಅದಕ್ಕೆ ಗೇರ್‌ಬಾಕ್ಸನ್ನೇ ಹೊರತೆಗೆಯಬೇಕು. ರಟ್ಟಿನ ಮುಚ್ಚಳವನ್ನು ಎರಡೇ ಸ್ಕ್ರೂ ಹಾಕಿ ನಿಲ್ಲಿಸಿದ್ದೇನೆ.