ಕಾಲು ಉಳುಕಿದರೆ ನೀವುವ ಮೊದಲು

ವಾಲಿಬಾಲ್ ನೆಟ್ ಹತ್ತಿರ ಹಾರಿ ಇಳಿಯುವಾಗ ಇನ್ನೊಬ್ಬರ ಪಾದದ ಮೇಲೆ ಕಾಲಿಟ್ಟರೆ ಪಾದ ಒಳಕ್ಕೆ ಹೊರಳುತ್ತದೆ. ಪಾದದ ಕೀಲಿನ ಹೊರಗಂಟಿನ ಮುಂದಿರುವ ಲಿಗಮೆಂಟ್ (ಮೂಳೆಗಳನ್ನು ಕಟ್ಟಿ ಹಿಡಿಯುವ ಪಟ್ಟಿ) ಜಗ್ಗಿ ಎಳೆಗಳು ಹರಿಯುತ್ತವೆ. ನೋಡನೋಡುತ್ತಲೇ ಅಲ್ಲಿ ಬಾತುಕೊಳ್ಳುತ್ತದೆ.

ಮೂಳೆ ಮುರಿದಿದೆಯೇ ಎಂಬುದನ್ನು ಮೊದಲು ನೋಡಿ. ಕುಂಟಿಕೊಂಡಾದರೂ ನಾಲ್ಕು ಹೆಜ್ಜೆ ಇಡಲಾಗುತ್ತದೆಯೇ? ಆಮೇಲೆ ಬೆರಳಿನಿಂದ ಒತ್ತಿ: ಗಂಟಿನ ಎರಡೂ ಬದಿ ಉಬ್ಬಿರುವ ಮೂಳೆಯ ತುದಿ, ಅಲ್ಲಿಂದ ಅದರ ಹಿಂಬದಿಯ ಅಂಚಿನಲ್ಲಿ 6 ಸೆಂ.ಮೀ. ಮೇಲಿನವರೆಗೆ, ಪಾದದ ಹೊರ ಅಂಚಿನ ಮಧ್ಯದ ಉಬ್ಬು, ಒಳಬದಿಯಲ್ಲಿ ಗಂಟಿನ ಮುಂದಿರುವ ಮೂಳೆ. ಹೆಜ್ಜೆ ಇಡಲಾಗದಿದ್ದರೆ, ಅಥವಾ ಈ ಮೂಳೆಗಳ ಮೇಲೆಯೇ ನೋವಿದ್ದರೆ ಎಕ್ಸ್‌ರೇ ಆಗಲೇಬೇಕು. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪಿಸಿದ ಈ ಪರೀಕ್ಷೆಯನ್ನು ವೈದ್ಯರೂ ಬಳಸುತ್ತಾರೆ. ಪಾದ ಸೊಟ್ಟಗಾಗಿದ್ದರೆ, ಜೋಮು ಹಿಡಿದಿದ್ದರೆ, ಪೆಟ್ಟಾದದ್ದು ಚಿಕ್ಕ ಮಕ್ಕಳಿಗಾದರೆ ಒತ್ತಿ ನೋಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ನಮ್ಮಲ್ಲಿ ಉಳುಕಿದ ಕೂಡಲೇ ಎಣ್ಣೆ ಹಚ್ಚಿ ನೀವಿಸುವುದು, ಎಳೆದು ಉಳುಕು ತೆಗೆಸುವುದು, ಬಿಸಿನೀರು ಹಾಕುವುದು ರೂಢಿ. ಮೊದಲ ಮೂರು ದಿನ ಇದಾವುದೂ ಬೇಡ. ಒಳಗೆ ಹರಿದ ಸಣ್ಣ ರಕ್ತನಾಳಗಳು ಇನ್ನೂ ಮುಚ್ಚಿಕೊಂಡಿರುವುದಿಲ್ಲ. ತಿಕ್ಕಿದಷ್ಟೂ, ಕಾಯಿಸಿದಷ್ಟೂ ಬಾವು ಹೆಚ್ಚುತ್ತದೆ.

ಐಸನ್ನು ತೆಳು ಬಟ್ಟೆಯಲ್ಲಿ ಸುತ್ತಿ 15–20 ನಿಮಿಷ ಇಡಿ, ಎರಡು-ಮೂರು ಗಂಟೆಗೊಮ್ಮೆ. ಬರೀ ಐಸ್ ಚರ್ಮವನ್ನು ಸುಡುತ್ತದೆ. ಮಲಗಿದಾಗ ಕಾಲಡಿ ಎರಡು ದಿಂಬು ಇರಲಿ.

ಕ್ರೇಪ್ ಬ್ಯಾಂಡೇಜ್ ಕಟ್ಟುವುದರಲ್ಲೇ ಹೆಚ್ಚು ತಪ್ಪಾಗುವುದು. 10 ಸೆಂ.ಮೀ. ಅಗಲದ್ದು ಸಾಕು. ಪಾದವನ್ನು ಕಾಲಿಗೆ ಲಂಬ ಕೋನದಲ್ಲಿ ನಿಲ್ಲಿಸಿ, ಬೆರಳುಗಳ ಬುಡದಿಂದ ಎರಡು ಸುತ್ತು ಹಾಕಿ, ಪಾದದ ಮೇಲಿಂದ ಗಂಟಿನ ಹಿಂದೆ ಹೋಗಿ ಮತ್ತೆ ಪಾದದಡಿಗೆ ಬರುವಂತೆ ಇಂಗ್ಲಿಷ್ ಎಂಟರ ಆಕಾರದಲ್ಲಿ ಸುತ್ತುತ್ತಾ ಮೇಲಕ್ಕೆ ಹೋಗಿ. ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚಬೇಕು. ಮೇಲಿನಿಂದ ಶುರುಮಾಡಿದರೆ ಬಾವೆಲ್ಲ ಬೆರಳಿಗಿಳಿಯುತ್ತದೆ. ಕಟ್ಟಿದ ಮೇಲೆ ಹೆಬ್ಬೆರಳ ಉಗುರು ಒತ್ತಿ ಬಿಡಿ: ಎರಡು ಸೆಕೆಂಡಿನಲ್ಲಿ ಕೆಂಪು ಮರಳದಿದ್ದರೆ, ಬೆರಳು ತಣ್ಣಗಾದರೆ ಬಿಚ್ಚಿ ಸಡಿಲವಾಗಿ ಕಟ್ಟಿ. ರಾತ್ರಿ ತೆಗೆದಿಡಿ.

ವಾರಗಟ್ಟಲೆ ಮಲಗಿರಬೇಕಿಲ್ಲ. ಎರಡು-ಮೂರು ದಿನದಿಂದಲೇ, ನೋವು ತಡೆಯುವಷ್ಟು, ಹೆಬ್ಬೆರಳಿನಿಂದ ಗಾಳಿಯಲ್ಲಿ ಅಕ್ಷರಮಾಲೆ ಬರೆಯಿರಿ. ಊರಿ ನಡೆಯಲು ಬಂದ ಮೇಲೆ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, 15 ಸಲದಂತೆ ಮೂರು ಸುತ್ತು.

ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದೇಕೆ? ಪಾದ ಹೊರಳುತ್ತಿದೆ ಎಂದು ಮಿದುಳಿಗೆ ತಿಳಿಸುವ ನರದ ತುದಿಗಳಿಗೂ ಲಿಗಮೆಂಟ್ ಜೊತೆಗೇ ಪೆಟ್ಟಾಗಿರುತ್ತದೆ. ನೋವು ಹೋದರೂ ಆ ಅರಿವು ತಾನಾಗಿ ಮರಳುವುದಿಲ್ಲ, ಕಲಿಸಬೇಕು. ಹಲ್ಲುಜ್ಜುವಾಗ ಆ ಒಂದೇ ಕಾಲಿನ ಮೇಲೆ 30 ಸೆಕೆಂಡ್ ನಿಲ್ಲಿ. ಸಲೀಸಾದರೆ ಕಣ್ಣು ಮುಚ್ಚಿ, ಆಮೇಲೆ ದಿಂಬಿನ ಮೇಲೆ, ಪಕ್ಕದಲ್ಲಿ ಆಧಾರ ಇರಲಿ. ಪೆಟ್ಟಾದ ಒಂದೇ ಕಾಲಿನಲ್ಲಿ ಮುಂದಕ್ಕೂ ಪಕ್ಕಕ್ಕೂ ಹತ್ತು ಸಲ ಜಿಗಿದು, ಇನ್ನೊಂದು ಕಾಲಿನಷ್ಟೇ ಗಟ್ಟಿಯಾಗಿ ನಿಲ್ಲಲು ಬಂದ ಮೇಲಷ್ಟೇ ಅಂಕಣಕ್ಕಿಳಿಯಿರಿ. ಆಮೇಲೂ ಆರು ತಿಂಗಳಾದರೂ ಆಟದ ಹೊತ್ತಿಗೆ ಲೇಸಿನ ಆಂಕಲ್ ಬ್ರೇಸ್ (ಪಾದದ ಕೀಲು ಹೊರಳದಂತೆ ಹಿಡಿಯುವ ಕವಚ) ಕಟ್ಟಿಕೊಳ್ಳಿ.