ಕ್ಸೆನಾನ್ ಶೋಧಕದ ಹಿನ್ನೆಲೆ ಗದ್ದಲವನ್ನು ತಗ್ಗಿಸುವ ಬಗೆ

ಈ ಶೋಧಕ ಹುಡುಕುವುದು ಕಪ್ಪು ದ್ರವ್ಯವನ್ನು, ಅಂದರೆ ಕಣ್ಣಿಗೆ ಕಾಣದ, ಗುರುತ್ವದ ಮೂಲಕವಷ್ಟೇ ಸುಳಿವು ಕೊಟ್ಟಿರುವ ದ್ರವ್ಯವನ್ನು. ಅದರ ಕಣವೊಂದು ಶೋಧಕದ ದ್ರವ ಕ್ಸೆನಾನಿನ ಪರಮಾಣುವಿಗೆ ತಾಗಿದರೆ ಹೊಮ್ಮುವುದು ಒಂದು ಮಿಣುಕು ಬೆಳಕು ಮತ್ತು ಬೆರಳೆಣಿಕೆಯ ಎಲೆಕ್ಟ್ರಾನುಗಳು. ದಾರಿ ತಪ್ಪಿ ಬಂದ ನ್ಯೂಟ್ರಾನ್ ಕೂಡ ಇಂಥದೇ ಗುರುತನ್ನು ಬಿಡುತ್ತದೆ. ಇಂಥ ಹುಸಿ ಗುರುತುಗಳೇ ಹಿನ್ನೆಲೆ ಗದ್ದಲ. ಆದ್ದರಿಂದ ಅದರ ಮೂಲಗಳನ್ನು ಹೊರಗಿನಿಂದ ಒಳಕ್ಕೆ, ಒಂದೊಂದಾಗಿ ಹಿಡಿಯುತ್ತ ಬರಬೇಕು.

ಮೊದಲ ಕೆಲಸ ಆಳಕ್ಕಿಳಿಯುವುದು. ಇಟಲಿಯ ಗ್ರಾನ್ ಸಾಸೊ ಪ್ರಯೋಗಾಲಯದ ಮೇಲಿರುವ ಸುಮಾರು 1400 ಮೀಟರ್ ಬಂಡೆಯು ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಮ್ಯುಯಾನ್ ಕಣಗಳನ್ನು ಹತ್ತು ಲಕ್ಷದಲ್ಲಿ ಒಂದರಷ್ಟಕ್ಕೆ ಇಳಿಸುತ್ತದೆ. (ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ 1965ರಲ್ಲಿ ವಾತಾವರಣದ ನ್ಯೂಟ್ರಿನೊಗಳು, ಅಂದರೆ ಯಾವ ವಸ್ತುವಿಗೂ ಬಹಳ ವಿರಳವಾಗಿ ತಾಗುವ ಕಣಗಳು, ಪತ್ತೆಯಾದದ್ದೂ ಇದೇ ಉಪಾಯದಿಂದ.) ಆದರೆ ಬಂಡೆಗೂ ತನ್ನದೇ ವಿಕಿರಣವಿದೆ. ಅದನ್ನು ತಡೆಯಲು ಅಲ್ಲಿನ ಕ್ಸೆನಾನ್ ಎನ್‌ಟಿ ಶೋಧಕವನ್ನು ಸುಮಾರು 700 ಟನ್ ನೀರಿನ ತೊಟ್ಟಿಯೊಳಗೆ ಇರಿಸಲಾಗಿದೆ.

ಅನಂತರ ತಿರುಪು, ತಂತಿ, ಉಕ್ಕಿನ ತಗಡು, ಹೀಗೆ ಪ್ರತಿಯೊಂದು ಬಿಡಿಭಾಗವನ್ನೂ ಜೋಡಿಸುವ ಮೊದಲೇ ಜರ್ಮೇನಿಯಂ ಶೋಧಕದಲ್ಲಿಟ್ಟು ಅದರ ವಿಕಿರಣವನ್ನು ಅಳೆಯಬೇಕು. ತಾಮ್ರವನ್ನು ಭೂಮಿಯ ಮೇಲೆ ಹೆಚ್ಚು ದಿನ ಬಿಡಬಾರದು, ಕಾಸ್ಮಿಕ್ ಕಿರಣಗಳು ಅದರಲ್ಲಿ ವಿಕಿರಣಶೀಲ ಕೋಬಾಲ್ಟ್-60 ಅನ್ನು ಹುಟ್ಟಿಸುತ್ತವೆ. ಬರಿಗೈಯಲ್ಲಿ ಮುಟ್ಟುವುದಂತೂ ಸಲ್ಲದು, ಬೆವರಿನಲ್ಲಿ ತುಸು ವಿಕಿರಣಶೀಲವಾದ ಪೊಟ್ಯಾಸಿಯಂ ಇರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಬಿಡದೆ ಕಾಡುವುದು ರೇಡಾನ್ ಎಂಬ ವಿಕಿರಣಶೀಲ ಅನಿಲ. ಅದು ಕ್ಸೆನಾನಿನಂತೆಯೇ ಜಡ ಅನಿಲವಾದ್ದರಿಂದ ರಾಸಾಯನಿಕ ಶೋಧನೆಗೆ ಸಿಕ್ಕುವುದಿಲ್ಲ. ಉಕ್ಕಿನಿಂದಲೂ ಬೆಸುಗೆಗಳಿಂದಲೂ ಒಂದೇ ಸಮನೆ ಒಸರಿ ದ್ರವದ ನಟ್ಟನಡುವಿಗೂ ಹರಡುತ್ತದೆ. ಹೊರಗಿನ ಗಾಮಾ ಕಿರಣಗಳಾದರೆ ಅಂಚಿನ ಕ್ಸೆನಾನಿನಲ್ಲೇ ಬಹುಪಾಲು ಅಡಗುವುದರಿಂದ ಅಂಚಿನ ಘಟನೆಗಳನ್ನು ಬಿಟ್ಟರೆ ಸಾಕು, ರೇಡಾನಿನ ಸಂತತಿಯಾದ ಸೀಸ-214ಕ್ಕೆ ಆ ಉಪಾಯ ನಡೆಯದು. ಇದಕ್ಕೆ ಮದ್ದು ಬಟ್ಟಿ ಇಳಿಸುವಿಕೆ: ಕ್ಸೆನಾನ್ ಮೊದಲು ಆವಿಯಾಗಿ ಮೇಲೇರಿದರೆ, ರೇಡಾನ್ ಸ್ತಂಭದ ತಳದಲ್ಲೇ ಉಳಿದು 3.8 ದಿನಗಳ ಅರ್ಧಾಯುವಿನಲ್ಲಿ ಕ್ಷಯಿಸುತ್ತದೆ. ಕ್ಸೆನಾನಿನಲ್ಲಿ ಬೆರೆತಿರುವ ಇನ್ನೊಂದು ಜಡ ಅನಿಲವಾದ ಕ್ರಿಪ್ಟಾನನ್ನು ಒಮ್ಮೆ ಬೇರ್ಪಡಿಸಿದರೆ ಕೆಲಸ ಮುಗಿಯಿತು. ರೇಡಾನಿನ ಸ್ತಂಭವನ್ನು ಮಾತ್ರ ನಿಲ್ಲಿಸುವಂತಿಲ್ಲ. ಹೀಗೆ ಕಿಲೋಗ್ರಾಂಗೆ ಒಂದು ಮೈಕ್ರೊಬೆಕೆರೆಲ್‌ಗಿಂತ ಕೆಳಕ್ಕೆ, ಅಂದರೆ ಒಂದು ಕಿಲೋ ಕ್ಸೆನಾನಿನಲ್ಲಿ ಹನ್ನೊಂದು ದಿನಕ್ಕೆ ಒಂದು ಕ್ಷಯವೂ ಆಗದ ಮಟ್ಟಕ್ಕೆ, ಇಳಿಯಲು ಸಾಧ್ಯವಾಗಿದೆ.

ಉಳಿದದ್ದು ವಿಶ್ಲೇಷಣೆಯ ಪಾಲು. ಕಪ್ಪು ದ್ರವ್ಯದ ಕಣ ಒಂದೇ ಕಡೆ ತಾಗುವುದೆಂದು ನಿರೀಕ್ಷೆ, ಆದ್ದರಿಂದ ಎರಡು ಕಡೆ ತಾಗಿದ ಘಟನೆಗಳನ್ನು ಕೈಬಿಡಿ, ಬೆಳಕು ಮತ್ತು ಎಲೆಕ್ಟ್ರಾನುಗಳ ಅನುಪಾತದಿಂದ ಬೀಟಾ ಘಟನೆಗಳನ್ನು (ವಿಕಿರಣಶೀಲ ಕ್ಷಯದಿಂದ ಹೊಮ್ಮಿದ ಎಲೆಕ್ಟ್ರಾನುಗಳು ಬಿಟ್ಟ ಗುರುತುಗಳನ್ನು) ಬೇರ್ಪಡಿಸಿ, ಆಯ್ಕೆಯ ನಿಯಮಗಳನ್ನು ದತ್ತಾಂಶ ತೆರೆಯುವ ಮೊದಲೇ ಗೊತ್ತುಪಡಿಸಿ. ಸೂರ್ಯನಲ್ಲಿ ಬೋರಾನ್-8ರ ಕ್ಷಯದಿಂದ ಹೊಮ್ಮುವ ನ್ಯೂಟ್ರಿನೊಗಳ ಸುಳಿವು ಇಂಥ ಶೋಧಕಗಳಲ್ಲಿ 2024ರಲ್ಲಿ ಸಿಕ್ಕಿತು. ಅವುಗಳನ್ನು ಯಾವ ಬಂಡೆಯೂ ತಡೆಯದು, ಲೆಕ್ಕ ಹಾಕಿ ಕಳೆಯಬೇಕಷ್ಟೆ.