ತವರಿಗೆ ಹೋಗುವ ಗರ್ಭಿಣಿಯ ರಕ್ತದೊತ್ತಡ: ತಾಲ್ಲೂಕು ಆಸ್ಪತ್ರೆಯಲ್ಲಿ ನನ್ನ ಅನುಭವ

ಮಂಡ್ಯ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಪ್ರಸೂತಿ ವೈದ್ಯೆಯಾಗಿ ಬಹುಕಾಲದಿಂದ ಕೆಲಸ ಮಾಡುತ್ತಿರುವ ನನಗೆ, ಗರ್ಭಿಣಿಯರ ಏರು ರಕ್ತದೊತ್ತಡದ ವಿಷಯದಲ್ಲಿ ಔಷಧದ ಕೊರತೆಗಿಂತ ಹೆಚ್ಚಾಗಿ ಕಾಡಿರುವುದು, ಅವರನ್ನು ನೋಡಿಕೊಳ್ಳುವ ಹೊಣೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ಬೀಳುವ ಅಂತರ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಬಹುತೇಕ ಎಲ್ಲ ಮನೆಗಳ ರೂಢಿ. ಸೀಮಂತ ಮುಗಿಸಿ, ಏಳನೆಯ ತಿಂಗಳಲ್ಲೋ ಒಂಬತ್ತನೆಯದರಲ್ಲೋ ಮಗಳನ್ನು ಕರೆದುಕೊಂಡು ಹೋಗುತ್ತಾರೆ. ಗರ್ಭಿಣಿಯ ರಕ್ತದೊತ್ತಡ ಏರಿ ಮೂತ್ರಪಿಂಡ, ಯಕೃತ್ತಿನಂಥ ಅಂಗಗಳಿಗೂ ಪೆಟ್ಟು ಬೀಳುವ ಪ್ರೀ-ಎಕ್ಲಾಂಪ್ಸಿಯಾ ಎಂಬ ಕಾಯಿಲೆ ಚೊಚ್ಚಲ ಗರ್ಭದಲ್ಲೇ ಹೆಚ್ಚು. ಇಪ್ಪತ್ತು ವಾರ ಕಳೆದ ಮೇಲೆ ಶುರುವಾಗಿ, ಬಹಳ ಸಲ ಕೊನೆಯ ಮೂರು ತಿಂಗಳಲ್ಲಿ ತಲೆಯೆತ್ತುತ್ತದೆ. ಅಂದರೆ ಗಂಡನ ಊರಿನ ಆಶಾ ಕಾರ್ಯಕರ್ತೆಗೆ ಆಕೆ ತನ್ನ ಪಟ್ಟಿಯಿಂದ ಹೊರಗೆ ಹೋದವಳು, ತವರೂರಿನ ಆಶಾಗೆ ಆಕೆ ಇನ್ನೂ ಪಟ್ಟಿಗೆ ಸೇರದವಳು ಆಗಿರುವ ಆ ಕೆಲವು ವಾರಗಳಲ್ಲೇ ಬಿ.ಪಿ. ಏರುತ್ತದೆ. ನಾನು ರೂಢಿಸಿಕೊಂಡ ಕ್ರಮವೆಲ್ಲ ಈ ಒಂದು ಸಂಗತಿಯ ಸುತ್ತ ಬೆಳೆದದ್ದು.

ಮೊದಲು ಅಳತೆಯ ಮಾತು. ನಾಲ್ಕು ಗಂಟೆಗಳ ಅಂತರದಲ್ಲಿ ಎರಡು ಸಲ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಏರು ರಕ್ತದೊತ್ತಡ. 160/110 ಮುಟ್ಟಿದರೆ ತುರ್ತು. ಈ ಅಂಕಿಗಳು ಪಾಠ ಪುಸ್ತಕದಲ್ಲಿ ಎಲ್ಲರಿಗೂ ಸಿಗುತ್ತವೆ, ಆದರೆ ಅಳೆಯುವ ಕೈ ಸರಿಯಿಲ್ಲದಿದ್ದರೆ ಅವುಗಳಿಂದ ಉಪಯೋಗವಿಲ್ಲ. ಬಸ್ಸಿಳಿದು ಬಿಸಿಲಿನಲ್ಲಿ ನಡೆದು ಬಂದವಳನ್ನು ಐದು ನಿಮಿಷ ಸುಮ್ಮನೆ ಕೂರಿಸಬೇಕು, ಬೆನ್ನಿಗೆ ಒರಗು ಇರಬೇಕು, ಕಾಲು ನೆಲಕ್ಕೆ ತಾಗಿರಬೇಕು, ತೋಳು ಹೃದಯದ ಮಟ್ಟದಲ್ಲಿರಬೇಕು. ದಪ್ಪ ತೋಳಿಗೆ ಚಿಕ್ಕ ಕಫ್ ಸುತ್ತಿದರೆ ಇಲ್ಲದ ಬಿ.ಪಿ. ಕಾಣಿಸಿಕೊಳ್ಳುತ್ತದೆ. ಎಡಮಗ್ಗುಲಾಗಿ ಮಲಗಿದವಳ ಮೇಲಿನ ತೋಳಿನಲ್ಲಿ ಅಳೆದರೆ ಇರುವ ಬಿ.ಪಿ. ಮರೆಯಾಗುತ್ತದೆ, ಇದು ವಾರ್ಡಿನಲ್ಲಿ ನಡೆಯುತ್ತಲೇ ಇರುವುದರಿಂದ ಹೊಸದಾಗಿ ಬರುವ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ನಾನು ಮೊದಲ ದಿನವೇ ಹೇಳುವ ವಿಷಯ. ತಾಯಿ ಕಾರ್ಡಿನ ಪ್ರತಿ ಭೇಟಿಯ ಸಾಲಿನಲ್ಲೂ 120/80 ಎಂದೋ 110/70 ಎಂದೋ ಒಂದೇ ಅಂಕಿ ಇದ್ದರೆ ನಾನು ಆ ಕಾರ್ಡನ್ನು ನಂಬುವುದಿಲ್ಲ. ಮನುಷ್ಯರ ರಕ್ತದೊತ್ತಡ ಪ್ರತಿ ತಿಂಗಳೂ ಸೊನ್ನೆಯಲ್ಲೇ ಕೊನೆಗೊಳ್ಳುವುದು ಸಾಧ್ಯವಿಲ್ಲ. 126/84 ಎಂದು ಬರೆದ ಕಾರ್ಡನ್ನು ಕಂಡಾಗ ಅಲ್ಲಿ ಯಾರೋ ನಿಜವಾಗಿ ಕಿವಿಗೊಟ್ಟು ಕೇಳಿದ್ದಾರೆ ಎಂಬ ನೆಮ್ಮದಿಯಾಗುತ್ತದೆ.

ಈ ಕಾಯಿಲೆಯ ಗುರುತೆಂದು ನೋಡುವ ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರದಲ್ಲಿ ಇಲ್ಲ ಎಂಬ ಕಾರಣಕ್ಕೆ ಸುಮ್ಮನಾಗುವುದನ್ನೂ ನಾನು ಒಪ್ಪುವುದಿಲ್ಲ. ಬಿ.ಪಿ. ಏರಿದ್ದು, ಜೊತೆಗೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಒಂದು ಲಕ್ಷಕ್ಕಿಂತ ಕೆಳಗೆ ಬಂದರೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ 1.1 ದಾಟಿದರೆ, ಯಕೃತ್ತಿನ ಕಿಣ್ವಗಳು ಎರಡು ಪಟ್ಟಾದರೆ ಅಥವಾ ಬಿಡದ ತಲೆನೋವೋ ಕಣ್ಣು ಮಂಜಾಗುವುದೋ ಇದ್ದರೆ, ಮೂತ್ರ ಪರೀಕ್ಷೆಯ ಪಟ್ಟಿ ಏನೇ ಹೇಳಲಿ, ಅದು ಪ್ರೀ-ಎಕ್ಲಾಂಪ್ಸಿಯಾವೇ. 2013ರಿಂದ ಅಮೆರಿಕದ ಪ್ರಸೂತಿ ತಜ್ಞರ ಸಂಘವೂ ಹೀಗೆಯೇ ಹೇಳುತ್ತಾ ಬಂದಿದೆ.

ತವರಿಗೆ ಹೊರಡುವವಳಿಗಾಗಿ ನಾನು ಮಾಡಿಕೊಂಡ ಏರ್ಪಾಡು ಬಹಳ ಸರಳವಾದದ್ದು. ಆರನೆಯ ತಿಂಗಳ ಭೇಟಿಯಲ್ಲೇ ಸೀಮಂತ ಯಾವಾಗ, ತವರೂರು ಯಾವುದು, ಅದು ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸೇರುತ್ತದೆ ಎಂದು ಕೇಳಿ ತಾಯಿ ಕಾರ್ಡಿನ ಹಿಂಬದಿಯಲ್ಲಿ ಬರೆಯುತ್ತೇನೆ. ಗಂಡನ ಊರಿನ ಆಶಾ ಕಾರ್ಯಕರ್ತೆಯೇ ತವರೂರಿನ ಆಶಾಗೆ ಫೋನು ಮಾಡಿ, ಗರ್ಭಿಣಿ ಬಂದ ವಾರದಲ್ಲೇ ಒಮ್ಮೆ ಬಿ.ಪಿ. ನೋಡಿಸುವಂತೆ ಹೇಳಬೇಕೆಂಬುದು ನಮ್ಮಲ್ಲಿ ಆಡುಮಾತಿನ ಒಪ್ಪಂದ; ಇದಕ್ಕೆ ಯಾವ ಸುತ್ತೋಲೆಯೂ ಇಲ್ಲ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಯನ್ನು ತವರಿಗೆ ಬಂದವರನ್ನು ಹುಡುಕಿ ಕರೆತರಲು ಬಳಸಿಕೊಂಡದ್ದರಿಂದ, ಯಾವ ಪಟ್ಟಿಯಲ್ಲೂ ಇಲ್ಲದ ಎಷ್ಟೋ ಹುಡುಗಿಯರು ನಮ್ಮ ಕಣ್ಣಿಗೆ ಬಿದ್ದರು.

ಬಿ.ಪಿ. 140ರಿಂದ 150ರ ಆಸುಪಾಸಿನಲ್ಲಿದ್ದು ಬೇರೆ ತೊಂದರೆ ಇಲ್ಲದವರಿಗೆ ಲ್ಯಾಬೆಟಲಾಲ್ ಅಥವಾ ನಿಧಾನವಾಗಿ ಬಿಡುಗಡೆಯಾಗುವ ನಿಫೆಡಿಪಿನ್ ಮಾತ್ರೆ ಶುರುಮಾಡುತ್ತೇನೆ. ಉಬ್ಬಸ ಇರುವವರಿಗೆ ಲ್ಯಾಬೆಟಲಾಲ್ ಕೊಡುವುದಿಲ್ಲ. ಗರ್ಭಕ್ಕೆ ಮೊದಲಿನಿಂದಲೂ ಬಿ.ಪಿ. ಇದ್ದು ಎನಾಲಾಪ್ರಿಲ್‌ನಂಥ ಮಾತ್ರೆ ನುಂಗುತ್ತಿದ್ದರೆ ಮೊದಲು ಅದನ್ನು ಬದಲಾಯಿಸಬೇಕು, ಏಕೆಂದರೆ ಅದು ಮಗುವಿನ ಮೂತ್ರಪಿಂಡಕ್ಕೆ ಕೆಡುಕು. ಮನೆಯವರು ತಾವಾಗಿಯೇ ಮಾಡುವ ಎರಡು ಕೆಲಸಗಳನ್ನು ಬಿಡಿಸುವುದು ಮಾತ್ರೆ ಬರೆಯುವುದಕ್ಕಿಂತ ಕಷ್ಟ. ಒಂದು, ಉಪ್ಪಿಲ್ಲದ ಊಟ. ಪ್ರೀ-ಎಕ್ಲಾಂಪ್ಸಿಯಾ ಉಪ್ಪು ಬಿಡಿಸಿದರೆ ನಿಲ್ಲುವ ಕಾಯಿಲೆಯಲ್ಲ; ಉಪ್ಪಿಲ್ಲದ ಸಾರು ಸೇರದೆ ಆಕೆ ಅರೆಹೊಟ್ಟೆಯಲ್ಲಿ ಮಲಗುತ್ತಾಳೆ, ಅಷ್ಟೇ. ಇನ್ನೊಂದು, ಹಾಸಿಗೆ ಬಿಟ್ಟು ಏಳಬಾರದೆಂಬ ಕಟ್ಟುಪಾಡು, ಇದರಿಂದ ಬಿ.ಪಿ. ಇಳಿಯುವುದಿಲ್ಲ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಮಾತ್ರ ಹೆಚ್ಚುತ್ತದೆ. ರಾಗಿ ಮುದ್ದೆ ಬಿಡಬೇಡಿ ಎಂದು ಮಾತ್ರ ಒತ್ತಿ ಹೇಳುತ್ತೇನೆ, ಕ್ಯಾಲ್ಸಿಯಂ ಕಡಿಮೆ ಇರುವ ಗರ್ಭಿಣಿಯರಲ್ಲಿ ಈ ಕಾಯಿಲೆ ಹೆಚ್ಚು. ಆದರೆ ಮುದ್ದೆ ತಿನ್ನುತ್ತೇನೆಂದು ಕ್ಯಾಲ್ಸಿಯಂ ಮಾತ್ರೆಯನ್ನು ಬಿಡುವಂತಿಲ್ಲ.

ತುರ್ತು ಪರಿಸ್ಥಿತಿಗಾಗಿ ಲೇಬರ್ ರೂಮಿನಲ್ಲಿ ಒಂದು ಪ್ರತ್ಯೇಕ ಟ್ರೇ ಇಟ್ಟಿದ್ದೇವೆ. ಅದರಲ್ಲಿ ಫಿಟ್ಸ್‌ಗೆ ಕೊಡುವ ಮೆಗ್ನೀಸಿಯಂ ಸಲ್ಫೇಟಿನ 14 ಆಂಪ್ಯೂಲುಗಳು ಯಾವಾಗಲೂ ಇರಬೇಕು. ಎರಡು ಎಂ.ಎಲ್.ನ ಒಂದೊಂದರಲ್ಲಿ ಒಂದು ಗ್ರಾಂ ಔಷಧವಿರುತ್ತದೆ. ನಾಲ್ಕು ಆಂಪ್ಯೂಲುಗಳ 8 ಎಂ.ಎಲ್.ಗೆ 12 ಎಂ.ಎಲ್. ಸಲೈನ್ ಬೆರೆಸಿ ಐದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ನಿಧಾನವಾಗಿ ನರಕ್ಕೆ ಕೊಡುವುದು, ಉಳಿದ ಹತ್ತನ್ನು ಐದೈದರಂತೆ ಎರಡೂ ಪೃಷ್ಠಗಳಿಗೆ ಆಳವಾಗಿ ಚುಚ್ಚುವುದು. ರಾತ್ರಿ ಎರಡು ಗಂಟೆಗೆ ಫಿಟ್ಸ್ ಬರುತ್ತಿರುವವಳ ಪಕ್ಕ ನಿಂತು ಈ ಲೆಕ್ಕ ಹಾಕಲು ಯಾರಿಂದಲೂ ಆಗುವುದಿಲ್ಲವಾದ್ದರಿಂದ, ದೊಡ್ಡ ಅಕ್ಷರಗಳಲ್ಲಿ ಕನ್ನಡದಲ್ಲೇ ಬರೆದು ಟ್ರೇಗೆ ಅಂಟಿಸಿದ್ದೇವೆ. ಈ ಔಷಧ ಫಿಟ್ಸ್ ನಿಲ್ಲಿಸುವುದಕ್ಕೆ ಮಾತ್ರವಲ್ಲ, ಬಾರದಂತೆ ತಡೆಯುವುದಕ್ಕೂ ಹೌದು; 2002ರಲ್ಲಿ ಪ್ರಕಟವಾದ ಮ್ಯಾಗ್‌ಪೈ ಅಧ್ಯಯನ, ಇದನ್ನು ಕೊಟ್ಟವರಲ್ಲಿ ಎಕ್ಲಾಂಪ್ಸಿಯಾದ, ಅಂದರೆ ಈ ಕಾಯಿಲೆ ಬಲಿತು ಫಿಟ್ಸ್ ಬರುವ ಸಂಭವ ಅರ್ಧಕ್ಕಿಂತ ಕಡಿಮೆಯಾಗುತ್ತದೆಂದು ತೋರಿಸಿತು. ಮುಂದಿನ ಡೋಸುಗಳು ನಾಲ್ಕು ಗಂಟೆಗೊಮ್ಮೆ ಐದು ಗ್ರಾಂನಂತೆ, ಆದರೆ ಪ್ರತಿ ಸಲವೂ ಮೊಣಕಾಲಿನ ಪ್ರತಿವರ್ತನೆ ಇದೆಯೇ, ಉಸಿರು ನಿಮಿಷಕ್ಕೆ 16ಕ್ಕೆ ಕಡಿಮೆಯಿಲ್ಲದಂತೆ ಇದೆಯೇ, ಹಿಂದಿನ ನಾಲ್ಕು ಗಂಟೆಯಲ್ಲಿ ಮೂತ್ರ 100 ಎಂ.ಎಲ್. ಬಂದಿದೆಯೇ ಎಂದು ನೋಡದೆ ಕೊಡುವಂತಿಲ್ಲ. ಪಕ್ಕದಲ್ಲೇ ಕ್ಯಾಲ್ಸಿಯಂ ಗ್ಲೂಕೋನೇಟ್ ಇರಲೇಬೇಕು, ಮೆಗ್ನೀಸಿಯಂ ಹೆಚ್ಚಾಗಿ ಉಸಿರು ಕುಂದಿದರೆ ಅದೇ ಮದ್ದು.

ಮೆಗ್ನೀಸಿಯಂ ಬಿ.ಪಿ. ಇಳಿಸುವುದಿಲ್ಲ ಎಂಬುದನ್ನು ಹೊಸಬರು ಮರೆಯುತ್ತಾರೆ. 160/110ಕ್ಕೆ ಏರಿದ ಬಿ.ಪಿ.ಯನ್ನು ಇಳಿಸಲು ನರಕ್ಕೆ ಲ್ಯಾಬೆಟಲಾಲ್ 20, ಹತ್ತು ನಿಮಿಷದ ನಂತರ 40, ಮತ್ತೂ ಇಳಿಯದಿದ್ದರೆ 80 ಮಿಲಿಗ್ರಾಂ. ಚುಚ್ಚುಮದ್ದು ಇಲ್ಲದಲ್ಲಿ 10 ಮಿಲಿಗ್ರಾಂ ನಿಫೆಡಿಪಿನ್ ನುಂಗಿಸಿದರೂ ಆದೀತು, ನಾಲಗೆಯಡಿ ಇಡಬಾರದು. ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಾಯಿಯ ಮೂಲಕ ಕೊಟ್ಟ ನಿಫೆಡಿಪಿನ್, ಲ್ಯಾಬೆಟಲಾಲ್, ಮೀಥೈಲ್‌ಡೋಪಾ ಮೂರೂ ಬಹುಪಾಲು ಮಹಿಳೆಯರಲ್ಲಿ ಕೆಲಸ ಮಾಡಿದ್ದವು. ನಮ್ಮಂಥ ಆಸ್ಪತ್ರೆಗಳಿಗೆ ಇದು ಧೈರ್ಯ ಕೊಡುವ ಮಾತು. ಗುರಿ 140–150/90–100ರ ಹತ್ತಿರ ತರುವುದೇ ಹೊರತು ಒಮ್ಮೆಗೇ 120ಕ್ಕೆ ಇಳಿಸುವುದಲ್ಲ, ಹಾಗೆ ಇಳಿಸಿದರೆ ಮಾಸುವಿಗೆ ಹೋಗುವ ರಕ್ತ ಕಡಿಮೆಯಾಗಿ ಮಗು ಒದ್ದಾಡುತ್ತದೆ. ಸಲೈನನ್ನೂ ಹಿಡಿತದಲ್ಲೇ ಕೊಡುತ್ತೇವೆ, ಇಂಥವರ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು ಬೇಗ.

ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೋ ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಕಳುಹಿಸಬೇಕಾದಾಗ ನಾವು ಪಾಲಿಸುವ ನಿಯಮ ಒಂದೇ: ಮೊದಲ ಡೋಸು ಮೆಗ್ನೀಸಿಯಂ ಕೊಡದೆ, ಬಿ.ಪಿ. ಇಳಿಸಲು ಶುರುಮಾಡದೆ 108ಕ್ಕೆ ಹತ್ತಿಸುವುದಿಲ್ಲ. ಎಷ್ಟು ಗಂಟೆಗೆ ಎಷ್ಟು ಕೊಟ್ಟೆವು, ಮುಂದಿನ ಡೋಸು ಯಾವಾಗ ಎಂಬುದನ್ನು ಚೀಟಿಯ ಮೊದಲ ಸಾಲಿನಲ್ಲೇ ಬರೆದು, ಅಲ್ಲಿನ ಕರ್ತವ್ಯದ ವೈದ್ಯರಿಗೆ ಫೋನಿನಲ್ಲೂ ಹೇಳುತ್ತೇವೆ. ದಾರಿಯಲ್ಲಿ ಫಿಟ್ಸ್ ಬಂದರೆ ಎಡಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚ ತುರುಕಬೇಡಿ, ಕೈಗೆ ಕೀಲಿಗೊಂಚಲು ಕೊಡುವುದರಿಂದ ಏನೂ ಆಗುವುದಿಲ್ಲ ಎಂದು ಜೊತೆಗೆ ಹೋಗುವವರಿಗೆ ತಿಳಿಸುತ್ತೇವೆ.

ಈ ಕಾಯಿಲೆಗೆ ನಿಜವಾದ ಚಿಕಿತ್ಸೆ ಹೆರಿಗೆಯೇ. ತೀವ್ರ ಲಕ್ಷಣಗಳಿಲ್ಲದಿದ್ದರೆ 37 ವಾರಕ್ಕೆ, ತೀವ್ರವಾಗಿದ್ದರೆ 34 ವಾರಕ್ಕೆ ಹೆರಿಗೆ ಮಾಡಿಸಬೇಕು. ತಾಯಿಯ ಜೀವಕ್ಕೆ ಕುತ್ತು ಬಂದರೆ ವಾರ ನೋಡುವ ಪ್ರಶ್ನೆಯೇ ಇಲ್ಲ. 34 ವಾರಕ್ಕೂ ಮುಂಚೆ ಹೆರಿಗೆ ಆಗುವಂತಿದ್ದರೆ ಮಗುವಿನ ಶ್ವಾಸಕೋಶ ಬಲಿಯಲೆಂದು ಡೆಕ್ಸಾಮೆಥಸೋನ್ ಕೊಡುತ್ತೇವೆ. “ಅಮಾಸೆ ಒಂದು ಕಳೀಲಿ ಮೇಡಂ, ಆಮೇಲೆ ನೀವು ಏನು ಹೇಳಿದ್ರೂ ಸರಿ” ಎಂದು ಹಿರಿಯರು ಕೈಮುಗಿದು ಕೇಳುವುದು ಇಲ್ಲಿಯೇ. ನಾನು ವಾದಕ್ಕೆ ಇಳಿಯುವುದಿಲ್ಲ. ಗರ್ಭಿಣಿಯ ತಾಯಿಯನ್ನೂ ಅತ್ತೆಯನ್ನೂ ಒಟ್ಟಿಗೆ ಕೂರಿಸಿ, ಬೆಳಗಿನಿಂದ ಬರೆದಿಟ್ಟ ಬಿ.ಪಿ.ಯ ಅಂಕಿಗಳನ್ನು ಒಂದೊಂದಾಗಿ ಓದಿ ಹೇಳುತ್ತೇನೆ. “ಅಮ್ಮ, ಇದು ಮಧ್ಯಾಹ್ನಕ್ಕೆ ಇಷ್ಟಾಯಿತು, ಈಗ ಇಷ್ಟಾಗಿದೆ” ಎಂದಾಗ ಏರುತ್ತಿರುವುದು ಅವರಿಗೇ ಕಾಣುತ್ತದೆ. ಒಪ್ಪಿಗೆ ಬಹಳ ಸಲ ಅತ್ತೆಯಿಂದಲೇ ಮೊದಲು ಬರುತ್ತದೆ.

ಹೆರಿಗೆಯಾದ ಕೂಡಲೇ ಎಲ್ಲರೂ ಉಸಿರು ಬಿಡುತ್ತಾರೆ, ನನ್ನ ಮಟ್ಟಿಗೆ ಹೆಚ್ಚು ಎಚ್ಚರ ಬೇಕಾದ ಕಾಲ ಅದು. ರಕ್ತಸ್ರಾವ ತಡೆಯಲು ಆಕ್ಸಿಟೋಸಿನ್ ಕೊಡಬೇಕೇ ಹೊರತು ಮೆಥರ್ಜಿನ್ ಕೂಡದು, ಅದು ಬಿ.ಪಿ.ಯನ್ನು ಥಟ್ಟನೆ ಏರಿಸುತ್ತದೆ. ಕಡೆಯ ಫಿಟ್ಸ್ ಅಥವಾ ಹೆರಿಗೆ, ಯಾವುದು ನಂತರದ್ದೋ ಅಲ್ಲಿಂದ 24 ಗಂಟೆ ಮೆಗ್ನೀಸಿಯಂ ಮುಂದುವರಿಯುತ್ತದೆ. ಬಿ.ಪಿ. ಒಮ್ಮೆ ಇಳಿದಂತೆ ಕಂಡರೂ ಮೂರರಿಂದ ಆರನೆಯ ದಿನದೊಳಗೆ ಮತ್ತೆ ಏರುತ್ತದೆ, ಆ ಹೊತ್ತಿಗೆ ಬಾಣಂತಿ ಮನೆ ಸೇರಿರುತ್ತಾಳೆ. ಅಲ್ಲಿ ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಸಾಂಬ್ರಾಣಿ ಹೊಗೆ ಎಲ್ಲವೂ ಇರುತ್ತವೆ. ತಲೆನೋವು ಎಂದರೆ ಶೀತವಾಗಿದೆ ಎಂದು ಮೆಣಸಿನ ಕಷಾಯ ಬರುತ್ತದೆ. ಕಷಾಯ ಕೊಡಬೇಡಿ ಎಂದು ನಾನು ಹೇಳುವುದಿಲ್ಲ, ಬಿ.ಪಿ. ನೋಡಿಸಿದ ಮೇಲೆ ಕೊಡಿ ಎನ್ನುತ್ತೇನೆ. ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು, ಏದುಸಿರು, ಇವುಗಳಲ್ಲಿ ಯಾವುದು ಬಂದರೂ ಹೊತ್ತು ನೋಡದೆ ಕರೆತರಬೇಕೆಂದು ಬಾಣಂತನ ಮಾಡುವ ಅಜ್ಜಿಗೇ ನೇರವಾಗಿ ಹೇಳುತ್ತೇವೆ, ಗಂಡನಿಗೆ ಹೇಳಿದರೆ ಆತ ಮಾರನೆಯ ದಿನವೇ ತನ್ನೂರಿಗೆ ಹೋಗಿಬಿಟ್ಟಿರುತ್ತಾನೆ. ಮನೆಗೆ ಹೋದ ಮೂರು ದಿನದೊಳಗೆ ಒಮ್ಮೆ, ಹತ್ತನೆಯ ದಿನದೊಳಗೆ ಇನ್ನೊಮ್ಮೆ ತವರೂರಿನ ಆಶಾ ಕಾರ್ಯಕರ್ತೆ ನರ್ಸಮ್ಮನನ್ನು ಕರೆದುಕೊಂಡು ಹೋಗಿ ಬಿ.ಪಿ. ನೋಡಿ ನಮಗೆ ತಿಳಿಸುತ್ತಾರೆ. ಮಾತ್ರೆ ಬೇಕಿದ್ದರೆ ಈಗ ಎನಾಲಾಪ್ರಿಲ್ ಕೊಡಬಹುದು, ಎದೆಹಾಲಿಗೆ ತೊಂದರೆಯಿಲ್ಲ.

ಆರನೆಯ ವಾರದ ಭೇಟಿಗೆ ಬಂದಾಗ, ಕುಟುಂಬ ಯೋಜನೆಯ ಮಾತಿನ ಜೊತೆಗೆ, ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಎರಡು ಸಾಲು ಬರೆದು ಕೊಡುತ್ತೇನೆ. ಮುಂದಿನ ಸಲ ಮುಟ್ಟು ನಿಂತ ಕೂಡಲೇ ಬರಬೇಕು, ಏಕೆಂದರೆ ಸಣ್ಣ ಪ್ರಮಾಣದ ಆಸ್ಪಿರಿನ್ 12 ವಾರದ ಹೊತ್ತಿಗೆ ಶುರುವಾದರೆ ಮಾತ್ರ ಅದರ ಪೂರ್ಣ ಪ್ರಯೋಜನ. ಅದನ್ನು ರಾತ್ರಿ ಹೊತ್ತು ನುಂಗಬೇಕು. ಎರಡನೆಯದು, ಗರ್ಭವಿರಲಿ ಇಲ್ಲದಿರಲಿ ವರ್ಷಕ್ಕೊಮ್ಮೆ ಬಿ.ಪಿ. ನೋಡಿಸಬೇಕು, ಇವರಿಗೆ ಮುಂದೆ ಬಿ.ಪಿ. ಮತ್ತು ಹೃದ್ರೋಗದ ಸಂಭವ ಬೇರೆಯವರಿಗಿಂತ ಹೆಚ್ಚು. ಆ ಕಾರ್ಡು ಗಂಡನ ಮನೆಗೆ ಹಿಂತಿರುಗುವಾಗ ತವರಿನ ಟ್ರಂಕಿನಲ್ಲೇ ಉಳಿದುಬಿಡುವುದುಂಟಾದ್ದರಿಂದ, ಈಚೆಗೆ ಅದರ ಫೋಟೋವನ್ನು ಆಕೆಯ ಮೊಬೈಲಿನಲ್ಲೂ ಗಂಡನ ಊರಿನ ಆಶಾ ಮೊಬೈಲಿನಲ್ಲೂ ಇರಿಸುತ್ತಿದ್ದೇವೆ.